ಆಣೆ ಮಾಡಿದ ಮೇಲೆ ಕಾರಿದ ರಕ್ತ

ಮೊದಲು ಸಂತೋಷದ್ದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಬರೆಯಲು ಕೈ ಏಳುವುದಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮೂರು ತಿಂಗಳಾಯಿತು. ತಲೆ ತುಂಬ ಕೂದಲು, ಅತ್ತರೆ ಓಣಿಯ ಆ ತುದಿಗೆ ಕೇಳಬೇಕು. ಎಣ್ಣೆ ತಿಕ್ಕಿ ಎರೆದು ಲೋಬಾನ ಹಾಕಿದೆನೆಂದರೆ ಮಧ್ಯಾಹ್ನದ ತನಕ ಕಣ್ಣು ಬಿಡುವುದಿಲ್ಲ. ಅದು ಹುಟ್ಟಿದ ದಿನ ನಾನು ಊರಿನ ಮನೆಮನೆಗೂ ಸಕ್ಕರೆ ಹಂಚಿದೆ. ಹೆಣ್ಣು ಹುಟ್ಟಿದ್ದಕ್ಕೆ ಈ ಮುದುಕಿ ಇಷ್ಟು ಕುಣಿಯುತ್ತಾಳಲ್ಲ ಎಂದು ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಗಲಿ. ಒಂದೂವರೆ ವರ್ಷದ ಹಿಂದೆ ಇದೇ ಹೆಂಗಸರು ನನ್ನ ಬಾಯಲ್ಲಿ ರಕ್ತ ಬರುವುದನ್ನು ನಿಂತು ನೋಡಿದವರು, ಕೈ ಹಚ್ಚದವರು.

ಇಲ್ಲಿಂದ ಮುಂದೆ ಸಿಟ್ಟಿನ ಮಾತು. ನಾನು ಕವಿತಾಳದ ಹುಡುಗಿ. ಅಲ್ಲಿ ಮಠದ ಅಯ್ಯನವರು ಕಲಿಸಿದಷ್ಟೇ ನನ್ನ ಅಕ್ಷರ. ಕಾಗುಣಿತವನ್ನು ನನ್ನ ಮಗಳು ಲಕ್ಷ್ಮಿ ತಿದ್ದಿದ್ದಾಳೆ. ಕಾಗುಣಿತ ತಿದ್ದು, ಸಿಟ್ಟು ತಿದ್ದಬೇಡ ಎಂದು ಹೇಳಿದ್ದೇನೆ. ನಮ್ಮದು ದೇವದುರ್ಗದ ಕಡೆ ಒಂದು ಊರು. ಹೆಸರು ಬರೆಯುವುದಿಲ್ಲ. ಅದೇ ಊರಿನ ಬಾವಿಯಿಂದ ನಾನು ನೀರು ತರಬೇಕು. ನಮ್ಮದು ಕುರಿ ಕಾಯುವ ಮನೆತನ. ನಾನು ಕಂಬಳಿಗೆ ಉಣ್ಣೆ ನೂಲುತ್ತ, ಮುದ್ದೆ ಮಾಡುತ್ತ, ರೊಟ್ಟಿ ಬಡಿಯುತ್ತ ಮೂವತ್ತು ವರ್ಷ ಕಳೆದವಳು.

ಇಸವಿ ಎಂಬತ್ತು ದಾಟಿ ನಾಲ್ಕೈದು ವರ್ಷ ಆಗಿತ್ತು. ಸಂಕ್ರಾಂತಿಯ ಹೊತ್ತಿಗೆ ನಮ್ಮ ಅತ್ತೆ ಹಾಸಿಗೆ ಹಿಡಿದರು. ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಹಿರಿಯ ಮಗ ನಮ್ಮ ಭಾವ, ಕಿರಿಯವರು ನನ್ನ ಗಂಡ. ಮಗಳು ಹಣಮವ್ವ, ನನ್ನ ನಾದಿನಿ. ಗಂಡ ಸತ್ತು ತವರಿಗೆ ಬಂದು ಹತ್ತು ವರ್ಷವಾಗಿತ್ತು. ಅಣ್ಣತಮ್ಮಂದಿರ ಹಿಂಡನ್ನು ಕೂಲಿಯವಳ ಹಾಗೆ ಕಾಯುತ್ತಿದ್ದಳು. ಅತ್ತೆ ಸಾಯುವ ಹಿಂದಿನ ದಿನ ನಾನು ಗಂಜಿ ಕುಡಿಸುತ್ತಿದ್ದೆ. ಮನೆಯಲ್ಲಿ ಮತ್ಯಾರೂ ಇರಲಿಲ್ಲ. ಅವರು ನನ್ನ ಮುಂಗೈ ಹಿಡಿದು, "ಹಿಂಡಿನಾಗ ಇಪ್ಪತ್ತು ಕುರಿ ಹಣಮಿಗೆ ಕೊಡ್ರಿ. ಆಕಿ ಯಾರ ಮನಿ ಬಾಗಲಾನೂ ಕಾಯಬಾರದು" ಎಂದರು. ಇಷ್ಟೇ ಮಾತು. ಗಂಜಿ ಕುಡಿದು ಮಗ್ಗುಲಾದರು.

ಅತ್ತೆಯ ದಿವಸದ ಕಾರ್ಯ ಮುಗಿದ ಮೇಲೆ ನಾನು ಈ ಮಾತನ್ನು ಎಲ್ಲರ ಮುಂದೆ ಹೇಳಿದೆ. ನನ್ನ ಗಂಡ ತಲೆ ಆಡಿಸಿದರು. ಭಾವನ ಮುಖ ಕಪ್ಪಿಟ್ಟಿತು. ನಾದಿನಿ ಅತ್ತಿಗೆ ಇಬ್ಬರೂ ಸೇರಿ ಕಟ್ಟಿದ ಕಥೆ ಇದು, ಅವ್ವ ಹೇಳಿದ್ದರೆ ಹಿರಿಮಗನಿಗೆ ಹೇಳುತ್ತಿದ್ದಳು ಎಂದರು. ಮಾತಿಗೆ ಮಾತು ಬೆಳೆದು ಕೊನೆಗೆ ಬೀರದೇವರ ಗುಡಿಗೆ ಹೋಯಿತು. ನಮ್ಮಲ್ಲಿ ಸಾಕ್ಷಿ ಇಲ್ಲದ ಜಗಳಕ್ಕೆ ಇರುವುದು ಒಂದೇ ದಾರಿ. ಕರಿಕಂಬಳಿ ಹಾಸಿ ಅದರ ಮೇಲೆ ಭಂಡಾರ, ಅಂದರೆ ದೇವರ ಅರಿಶಿನಪುಡಿ, ರಾಶಿ ಹಾಕುತ್ತಾರೆ. ಅದರಲ್ಲಿ ಕೈ ಇಟ್ಟು ಹೇಳಬೇಕು. ಮೂರು ಅಮಾವಾಸ್ಯೆ ಗಡುವು. ಅಷ್ಟರೊಳಗೆ ಕೈ ಇಟ್ಟವರಿಗೆ ಕೇಡಾಗದಿದ್ದರೆ ಹೇಳಿದ್ದು ನಿಜ. ನಾನು ಇಟ್ಟೆ. ಸುಳ್ಳಾದರೆ ರಕ್ತ ಕಾರಿ ಸಾಯುತ್ತೇನೆ ಎಂದೆ. ಆಣೆಯ ಮಾತೇ ಅದು, ಎಲ್ಲರೂ ಹೇಳುವುದು. ನನಗೆ ಒಂದಿಷ್ಟೂ ಅಂಜಿಕೆ ಇರಲಿಲ್ಲ, ಕೇಳಿದ್ದನ್ನು ಹೇಳಿದ್ದೆ. ಕೇಡಾದರೆ ಹಿಂದಕ್ಕೆ ಎಂಬ ಮಾತಿನ ಮೇಲೆ ಆವತ್ತೇ ಇಪ್ಪತ್ತು ಕುರಿ ಹಣಮವ್ವನ ದೊಡ್ಡಿಗೆ ಬಂದವು.

ಎರಡು ಅಮಾವಾಸ್ಯೆ ದಾಟಿತು. ಯುಗಾದಿ ಮುಗಿದು ಬಿಸಿಲು ಏರಿತ್ತು. ಅದಕ್ಕೂ ಮೊದಲೇ ನನಗೆ ಏನೋ ಆಗಿತ್ತು, ನಾನು ಲೆಕ್ಕಕ್ಕೆ ಇಟ್ಟಿರಲಿಲ್ಲ. ಬೇಗ ದಣಿವು, ಸಂಜೆಗೆ ಕಾಲು ಬಾವು, ರವಿಕೆಯ ಕೆಳಗೆ ಹೊಟ್ಟೆ ಬಿಗಿ. ವಯಸ್ಸು ಎಂದುಕೊಂಡಿದ್ದೆ. ಆವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಬಾಯೊಳಗೆ ಬಿಸಿಯಾದದ್ದು ತುಂಬಿತು. ಎಲೆಅಡಿಕೆ ಹಾಕಿದ್ದೆನೇನು ಎಂದು ಒಂದು ಗಳಿಗೆ ಯೋಚಿಸಿದೆ, ಹಾಕಿರಲಿಲ್ಲ. ರೊಟ್ಟಿ ಬಡಿಯುವ ಮರದ ಕೊಮ್ಮಣಿಗೆಯ ಹಿಟ್ಟಿನ ಮೇಲೆ ಸುರಿಯಿತು. ಜೋಳದ ಹಿಟ್ಟು ಅಷ್ಟು ಕೆಂಪಾದದ್ದನ್ನು ಯಾರೂ ನೋಡಬಾರದು.

ಈಗ ಕೇಳಿರಿ. ಮನುಷ್ಯರ ಬಾಯಲ್ಲಿ ರಕ್ತ ಬಂದರೆ ಎಲ್ಲಿಗೆ ಒಯ್ಯಬೇಕು? ದವಾಖಾನೆಗೆ ಅಲ್ಲವೇ? ನನ್ನನ್ನು ಗುಡಿಗೆ ಒಯ್ದರು. ಭಾವ ಬಂದರು, ಅವರ ಹಿಂದೆ ಓಣಿ ಬಂತು. ಮೂರನೆಯ ಅಮಾವಾಸ್ಯೆಗೆ ಹನ್ನೊಂದು ದಿನ ಉಳಿದಿತ್ತು. ದೇವರು ತೀರ್ಪು ಕೊಟ್ಟಾಯಿತು ಎಂದು ಎಲ್ಲರ ಮುಖದ ಮೇಲೆ ಬರೆದಿತ್ತು. ಗುಡಿಯ ಕಲ್ಲುಹಾಸಿನ ಮೇಲೆ ಮಲಗಿಸಿದರು. ಒಪ್ಪಿಕೋ, ಒಪ್ಪಿಕೊಂಡರೆ ನಿಲ್ಲುತ್ತದೆ ಎಂದು ಒಬ್ಬರಾದ ಮೇಲೆ ಒಬ್ಬರು. ನನ್ನ ಗಂಡ ಕಂಬಕ್ಕೆ ಆತು ನಿಂತು ಅಳುತ್ತಿದ್ದರು.

ಭಾವ ನನ್ನ ಮುಖದ ಹತ್ತಿರ ಬಗ್ಗಿ ಹೇಳಿದರು, "ಒಂದು ಮಾತು ಅಂದ್ಬಿಡವ್ವ. ಅತ್ತಿ ಹೇಳಿದ್ದಿಲ್ಲ ಅಂತ. ಜೀವ ದೊಡ್ಡದೋ, ಕುರಿ ದೊಡ್ಡದೋ?"

"ಅತ್ತಿ ಹೇಳ್ಯಾಳ್ರಿ" ಎಂದೆ. ಅದರ ಬೆನ್ನಿಗೇ ಎರಡನೆಯ ಸಲ ಬಂತು. ಅವರ ಧೋತರದ ಮೇಲೆ ಬಿತ್ತು. ಅದೊಂದು ನೆನೆದರೆ ಇವತ್ತಿಗೂ ನನಗೆ ಸಮಾಧಾನ.

ಬೆಳಗಿನ ರೊಟ್ಟಿ ಹೊತ್ತಿನಿಂದ ಸೂರ್ಯ ನೆತ್ತಿಗೆ ಬರುವವರೆಗೆ ಆ ಕಲ್ಲಿನ ಮೇಲೆ ಇದ್ದೆ. ಗಾಡಿ ತಂದವಳು ಹಣಮವ್ವ. ಯಾರದೋ ಎತ್ತು, ಯಾರದೋ ಗಾಡಿ, ಕೇಳದೆ ಹೂಡಿಕೊಂಡು ಬಂದಳು. ಗುಡಿಯ ಮುಂದೆ ನಿಲ್ಲಿಸಿ, ತನ್ನ ತಮ್ಮನಿಗೆ, ಅಂದರೆ ನನ್ನ ಗಂಡನಿಗೆ, "ಅಳೋದು ಆಮ್ಯಾಲ. ಕಾಲು ಹಿಡಿ, ಎತ್ತು" ಎಂದಳು. ಇಬ್ಬರೂ ಎತ್ತಿ ಹಾಕಿದರು. ದೇವದುರ್ಗದಲ್ಲಿ ಡಾಕ್ಟರು ಒಂದು ಬಾಟಲಿ ಏರಿಸಿ, ಇದು ನಮ್ಮ ಕೈಯಲ್ಲಿಲ್ಲ ಎಂದು ರಾಯಚೂರಿಗೆ ಜೀಪು ಮಾಡಿಕೊಟ್ಟರು. ಕಲ್ಮಲ ದಾಟಿದ್ದು ನನಗೆ ನೆನಪಿದೆ, ರಸ್ತೆಯ ಗುಂಡಿಗೆ ಜೀಪು ಎಗರಿದಾಗಲೆಲ್ಲ ಹಣಮವ್ವ ನನ್ನ ತಲೆಯನ್ನು ತನ್ನ ತೊಡೆಗೆ ಒತ್ತಿ ಹಿಡಿಯುತ್ತಿದ್ದಳು. ಅಲ್ಲಿಂದ ಮುಂದೆ ನೆನಪಿಲ್ಲ.

ರಾಯಚೂರಿನ ದವಾಖಾನೆಯಲ್ಲಿ ಎಚ್ಚರವಾದಾಗ ಮೂಗಿನೊಳಗಿಂದ ಕೆಂಪು ರಬ್ಬರಿನ ನಳಿಗೆ ಗಂಟಲಿಗೆ ಇಳಿದಿತ್ತು. ಆ ನಳಿಗೆಯ ತುದಿಗೆ ಪುಗ್ಗ ಇರುತ್ತದಂತೆ, ಜಾತ್ರೆಯಲ್ಲಿ ಮಕ್ಕಳು ಊದುತ್ತಾರಲ್ಲ ಅಂಥದ್ದು. ಹೊಟ್ಟೆಯೊಳಗೆ ಹೋದ ಮೇಲೆ ಅದನ್ನು ಉಬ್ಬಿಸಿ, ಹೊರಗಿನಿಂದ ಜಗ್ಗಿ, ನೀರು ತುಂಬಿದ ಬಾಟಲಿಯನ್ನು ಭಾರಕ್ಕೆ ಮಂಚದ ಕಾಲಿನ ಕಡೆ ಇಳಿಬಿಟ್ಟಿದ್ದರು. ಒಳಗೆ ಒಡೆದ ನರವನ್ನು ಆ ಪುಗ್ಗ ಒತ್ತಿ ಹಿಡಿಯುತ್ತದೆ. ಉಗುಳು ನುಂಗುವ ಹಾಗಿಲ್ಲ. ಕಿತ್ತುಕೊಳ್ಳುತ್ತೇನೆಂದು ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. ಇಂಥ ನಳಿಗೆ ಕಂಡು ಅಂಜಿದವರು ಇದನ್ನು ಓದುತ್ತಿದ್ದರೆ ಹೇಳುತ್ತೇನೆ, ಅದು ಕೆಟ್ಟದ್ದು, ಸುಳ್ಳು ಹೇಳುವುದಿಲ್ಲ. ಆದರೆ ಕೆಟ್ಟದ್ದು ಎಂದು ಅನ್ನಿಸುತ್ತಿದೆ ಎಂದರೆ ನೀವು ಬದುಕಿದ್ದೀರಿ.

ಖಾಸೀಂಬಿ ಎಂಬ ಆಯಾ ಇದ್ದಳು, ಮಾನ್ವಿಯವಳು. ನನ್ನ ಬಾಯಿಯ ಮೂಲೆಯಿಂದ ಜೊಲ್ಲು ಇಳಿದಾಗಲೆಲ್ಲ ಒರೆಸುವಳು. ಎರಡನೆಯ ದಿನ ನನ್ನ ಕೂದಲಲ್ಲಿ ರಕ್ತ ಒಣಗಿ ಜಡೆಗಟ್ಟಿದ್ದನ್ನು ನೋಡಿ, ತನ್ನ ಬಾಚಣಿಗೆ ತಂದು, ಒಂದೊಂದೇ ಎಳೆ ಬಿಡಿಸಿ ಹೆಣೆದಳು. ಯಾರೂ ಹೇಳಿರಲಿಲ್ಲ. ಆ ದವಾಖಾನೆಯಲ್ಲಿ ನನ್ನನ್ನು ಏನೂ ಕೇಳದ ಒಬ್ಬಳೇ ಮನುಷ್ಯಳು ಅವಳು.

ಉಳಿದವರೆಲ್ಲ ಕೇಳುವವರೇ. ಮಂಚದ ಪಕ್ಕ ನಿಂತು ಚಿಕ್ಕ ವಯಸ್ಸಿನ ಡಾಕ್ಟರು ನನ್ನ ಗಂಡನನ್ನು ಕೇಳಿದರು, "ಎಷ್ಟು ವರ್ಷದಿಂದ ಸೇಂದಿ ಕುಡೀತಾಳ?" ನನ್ನ ಗಂಡ, ಆಕೆ ಮುಟ್ಟುವುದೇ ಇಲ್ಲ ಎಂದರು. ನಿಮ್ಮ ಕಡೆ ಹೆಂಗಸರೂ ಕುಡಿಯುತ್ತಾರೆ, ನನಗೆ ಗೊತ್ತು, ಮುಚ್ಚಿಡಬೇಡಿ, ಲಿವರು ಸುಮ್ಮಸುಮ್ಮನೆ ಹೀಗೆ ಕಲ್ಲಾಗುವುದಿಲ್ಲ ಎಂದರು ಡಾಕ್ಟರು. ಊರಲ್ಲಿ ಸುಳ್ಳಿ, ಇಲ್ಲಿ ಕುಡುಕಿ. ಗಂಟಲಲ್ಲಿ ನಳಿಗೆ, ಕೈಗೆ ಕಟ್ಟು. ನಾನು ಆ ಡಾಕ್ಟರನ್ನು ಕಣ್ಣಿನಿಂದ ಎಷ್ಟು ಬೈಯಬಹುದೋ ಅಷ್ಟು ಬೈದೆ. ಅವರಿಗೆ ತಿಳಿದಿರಬೇಕು. ಮರುದಿನ ಬಂದು ನನ್ನ ತೋಳು ತಿರುಗಿಸಿ ನೋಡಿ, ಈ ಬರೆ ಯಾತರದ್ದು ಎಂದು ಕೇಳಿದರು. ಲಕ್ಷ್ಮಿ ಹುಟ್ಟಿದ ವರ್ಷ ನನಗೆ ಕಾಮಣಿ ಆಗಿತ್ತು, ಕಣ್ಣೆಲ್ಲ ಹಳದಿ. ನಮ್ಮಲ್ಲಿ ಅದಕ್ಕೆ ತೋಳಿನ ಮೇಲೆ ಕಾಸಿದ ಸೂಜಿಯಿಂದ ಬರೆ ಹಾಕುತ್ತಾರೆ. ಹಳದಿ ಹೋಗಿತ್ತು, ಬರೆಯಿಂದ ಹೋಯಿತೆಂದು ತಿಳಿದಿದ್ದೆವು. ಅದು ಹೋಗಿರಲಿಲ್ಲ, ಒಳಗೇ ಇಪ್ಪತ್ತು ವರ್ಷ ಕೂತು ಲಿವರನ್ನು ತಿಂದಿತ್ತು ಎಂದು ಡಾಕ್ಟರು ಹೇಳಿದರು. ತಪ್ಪಾಯಿತಮ್ಮ ಎಂದೂ ಅಂದರು. ಅಷ್ಟಕ್ಕೆ ಅವರ ಮೇಲಿನ ಸಿಟ್ಟು ಬಿಟ್ಟೆ. ತಪ್ಪಾಯಿತು ಎಂದವರು ನನ್ನ ಇಡೀ ರೋಗದಲ್ಲಿ ಅವರೊಬ್ಬರೇ.

ರಕ್ತ ಬೇಕಾಗಿತ್ತು. ನನ್ನ ಗಂಡನದು ಹೊಂದಲಿಲ್ಲ. ಭಾವನ ಮಕ್ಕಳು ದಷ್ಟಪುಷ್ಟ ಇಬ್ಬರು ನೋಡಲು ಬಂದವರು, ಸೂಜಿಯ ಮಾತು ಕೇಳಿ ಚಹಾ ಕುಡಿದು ಬರುತ್ತೇವೆಂದು ಹೋದರು. ಒಂದೂವರೆ ವರ್ಷವಾಯಿತು, ಆ ಚಹಾ ಇನ್ನೂ ಮುಗಿದಿಲ್ಲ. ಹಣಮವ್ವನದು ಹೊಂದಿತು. ಎರಡು ಬಾಟಲಿ ಅವಳದೇ. ಆಮೇಲೆ ಊರಲ್ಲಿ ಏನಂದರು ಗೊತ್ತೇ? ಸುಳ್ಳು ಸಾಕ್ಷಿಗೆ ರಕ್ತದ ಕೂಲಿ ಕೊಟ್ಟಳು ಅಂದರು. ಹಾಗೆ ಅಂದವರ ಮನೆಗೂ ನಾನು ಸಕ್ಕರೆ ಕಳಿಸಿದ್ದೇನೆ.

ಮೂರು ವಾರಕ್ಕೆ ಊರಿಗೆ ಬಂದೆ. ನಡೆಯಲು ಗೋಡೆ ಬೇಕಾಗಿತ್ತು. ಹಿತ್ತಲ ಕಡೆಯಿಂದ ನೋಡಿದರೆ ಹಣಮವ್ವನ ದೊಡ್ಡಿ ಬರಿದು. ಮೇಯಲು ಹೋಗಿವೆ ಎಂದುಕೊಂಡೆ. ಸಂಜೆಯಾದರೂ ಬರಲಿಲ್ಲ. ಕೇಳಿದರೆ ಹಣಮವ್ವ ಮಾತು ತಿರುಗಿಸಿದಳು. ಕೊನೆಗೆ ನೀರಿಗೆ ಬಂದ ಹೆಂಗಸೊಬ್ಬಳು, ಹೋಗಲಿ ಬಿಡು, ನಿನ್ನ ಗಂಡ ತಪ್ಪುಕಾಣಿಕೆ ಇಟ್ಟ ಮೇಲೆ ನೀನು ಉಳಿದೆಯಲ್ಲ ಎಂದಳು.

ನಾನು ರಾಯಚೂರಲ್ಲಿ ಕೈ ಕಟ್ಟಿಸಿಕೊಂಡು ಮಲಗಿದ್ದಾಗ ನನ್ನ ಗಂಡ ಒಂದು ದಿನ ಊರಿಗೆ ಬಂದಿದ್ದರು. ಅರಿವೆ ತರಲು ಎಂದು ಹೇಳಿದ್ದರು. ಬಂದವರು ಗುಡಿಗೆ ಹೋಗಿ, ತಲೆಯ ಮೇಲೆ ಕಲ್ಲು ಹೊತ್ತು, ಊರಿನವರೆಲ್ಲರ ಮುಂದೆ, ನನ್ನ ಹೆಂಡತಿ ಸುಳ್ಳು ಆಣೆ ಮಾಡಿದ್ದಾಳೆ, ತಪ್ಪಾಯಿತು, ಜೀವ ಬಿಡು ಎಂದು ಬೇಡಿಕೊಂಡಿದ್ದರು. ಕುರಿ ಭಾವನ ಹಿಂಡಿಗೆ ಹೋದವು. ರಕ್ತ ನಿಂತಿತು. ಊರಿಗೆ ಇನ್ನೇನು ಸಾಕ್ಷಿ ಬೇಕು? ಪುಗ್ಗ ಉಬ್ಬಿಸಿದ್ದು ಬೆಳಿಗ್ಗೆ. ಇವರು ಕಲ್ಲು ಹೊತ್ತದ್ದು ಮಧ್ಯಾಹ್ನ. ಯಾವುದು ಮೊದಲು ಎಂದು ಯಾರು ಕೇಳುತ್ತಾರೆ? ನಾನು ಸತ್ತಿದ್ದರೆ ಸುಳ್ಳಿ ಎಂದು ಸಾಯುತ್ತಿದ್ದೆ. ಬದುಕಿದೆ, ಅದಕ್ಕೂ ಸುಳ್ಳಿ. ದವಾಖಾನೆಯಲ್ಲಿ ನಾನು ಒಂದೊಂದು ದಿನ ಗುಣವಾದದ್ದೆಲ್ಲ ನನ್ನ ಸುಳ್ಳಿಗೆ ಸಾಕ್ಷಿಯಾಗಿ ಹೋಗಿತ್ತು.

ಗಂಡನನ್ನು ಎದುರಿಗೆ ಕೂಡಿಸಿಕೊಂಡೆ. "ನಾ ಸುಳ್ಳಿ ಅಂತ ಊರ ಮುಂದ ಹೇಳಿ ಬಂದ್ರಿ?"

"ಹೂಂ."

"ನಾ ಸುಳ್ಳು ಹೇಳೀನಿ ಅಂತ ನಿಮಗ ಅನಿಸ್ತದೇನು?"

"ಇಲ್ಲ" ಎಂದರು. ಉಗುರಿನಿಂದ ನೆಲ ಕೆರೆದರು. "ಡಾಕ್ಟ್ರು ಕೈ ಆಡಿಸಿದ. ನನಗ ಏನೂ ತಿಳೀಲಿಲ್ಲ. ಸುಳ್ಳಿ ಆದ್ರೂ ಆಗ್ಲಿ, ಮನಿಯಾಗ ಇರ್ಲಿ ಅಂದೆ."

ನೀವು ಇದನ್ನು ಓದಿ ಎಂಥ ಪ್ರೀತಿ ಅನ್ನಬಹುದು. ಹೌದು, ಪ್ರೀತಿಯೇ. ಆ ಪ್ರೀತಿಗೆ ಹಣಮವ್ವನ ಇಪ್ಪತ್ತು ಕುರಿ ಹೋದವು. ಅವಳ ರಕ್ತ ನನ್ನ ಮೈಯಲ್ಲಿ, ಅವಳ ಕುರಿ ಭಾವನ ದೊಡ್ಡಿಯಲ್ಲಿ. ನಾನು ಎರಡು ತಿಂಗಳು ಗಂಡನ ಜೊತೆ ಮಾತಾಡಲಿಲ್ಲ. ರೊಟ್ಟಿ ತಟ್ಟೆಗೆ ಹಾಕುವುದು, ಮುಖ ತಿರುಗಿಸುವುದು. ಹೈದರಾಬಾದಿಗೆ ರೈಲಿನಲ್ಲಿ ಹೋಗುವಾಗಲೂ ಅವರು ಒಂದು ಕಿಟಕಿ, ನಾನು ಒಂದು ಕಿಟಕಿ.

ಹೈದರಾಬಾದಿಗೆ ಕಳಿಸಿದವರು ರಾಯಚೂರಿನ ಅದೇ ಡಾಕ್ಟರು. ಪುಗ್ಗ ತಡೆಯುತ್ತದೆ ಅಷ್ಟೇ, ಮತ್ತೆ ಒಡೆಯಬಹುದು, ಅಲ್ಲಿ ಹೊಸದಾಗಿ ದುರ್ಬೀನು ಬಂದಿದೆ, ಅದನ್ನು ಗಂಟಲಲ್ಲಿ ಇಳಿಸಿ ನರಕ್ಕೇ ಸೂಜಿ ಚುಚ್ಚಿ ಒಣಗಿಸುತ್ತಾರೆ ಎಂದರು. ಅಲ್ಲಿಯ ಡಾಕ್ಟರಮ್ಮ ತೆಲುಗು ಬೆರೆಸಿ ಕನ್ನಡ ಮಾತಾಡುವವರು. ನನಗೆ ತಿಳಿದದ್ದು ಇಷ್ಟು: ಲಿವರು ಕಲ್ಲಾದರೆ ಅದರೊಳಗೆ ಹೋಗಬೇಕಾದ ರಕ್ತಕ್ಕೆ ದಾರಿ ಸಿಗದೆ ಅನ್ನನಾಳದ ನರಗಳಿಗೆ ನುಗ್ಗುತ್ತದೆ. ಈದ ಕುರಿಯ ಕೆಚ್ಚಲ ಮೇಲೆ ನರ ಉಬ್ಬಿರುತ್ತವಲ್ಲ, ಹಾಗೆ. ಒಂದು ದಿನ ಒಡೆಯುತ್ತವೆ. ಇದರಲ್ಲಿ ಅತ್ತೆ ಎಲ್ಲಿದ್ದಾರೆ, ಭಂಡಾರ ಎಲ್ಲಿದೆ?

ಅಲ್ಲಿ ಕಾಯುವುದೇ ದೊಡ್ಡ ಕೆಲಸ. ಉದ್ದನೆಯ ಪಡಸಾಲೆ, ಎರಡು ಕಡೆ ಬೆಂಚು, ಹಿಂದಿನ ದಿನದಿಂದ ಉಪವಾಸ ಇದ್ದವರ ಸಾಲು. ಕೈಯಲ್ಲಿ ನಂಬರು ಬರೆದ ಚೀಟಿ. ಬಾಗಿಲು ತೆರೆದಾಗಲೆಲ್ಲ ಒಳಗಿನಿಂದ ಓಕರಿಸುವ ಸದ್ದು ಬರುತ್ತದೆ, ಬೆಂಚಿನ ಮೇಲಿನವರೆಲ್ಲ ನೆಲ ನೋಡುತ್ತಾರೆ. ಗಂಟಲಿಗೆ ಕಹಿ ಔಷಧ ಸಿಂಪಡಿಸುತ್ತಾರೆ, ನಾಲಗೆ ಕಟ್ಟಿಗೆಯಾಗುತ್ತದೆ. ಕರಿ ಹಾವಿನಂಥ ನಳಿಗೆ, ಅದರ ತುದಿಗೆ ದೀಪ. ಎಡ ಮಗ್ಗುಲಿಗೆ ಮಲಗಿಸಿ ಇಳಿಸುತ್ತಾರೆ. ಸೂಜಿ ಚುಚ್ಚಿದ್ದು ಆಗ ಗೊತ್ತಾಗುವುದಿಲ್ಲ. ಆಮೇಲೆ ಎರಡು ದಿನ ಎದೆಯ ಹಿಂದೆ ಕೆಂಡ ಇಟ್ಟ ಹಾಗೆ, ಗಂಜಿಯೂ ಕಲ್ಲಿನ ಹಾಗೆ ಇಳಿಯುತ್ತದೆ. ನಾಲ್ಕು ಸಲ ಮಾಡಿಸಿಕೊಂಡೆ. ಮೂರನೆಯ ಸಲ ನನ್ನ ಪಕ್ಕ ಮೆಹಬೂಬನಗರದ ಕಡೆಯ ಒಬ್ಬ ಹೆಣ್ಣುಮಗಳು ನಡುಗುತ್ತ ಕೂತಿದ್ದಳು. ಅವಳ ಭಾಷೆ ನನಗೆ ಅರ್ಧ, ನನ್ನದು ಅವಳಿಗೆ ಅರ್ಧ. ನನ್ನ ಬಾಯಿ ತೆರೆದು ಗಂಟಲು ತೋರಿಸಿ, ಒಂದಲ್ಲ, ಎರಡು ಸಲ ಎಂದು ಬೆರಳು ಎತ್ತಿದೆ. ನನ್ನ ಗಂಟಲನ್ನು ಇಣುಕಿ ನೋಡಿ ನಕ್ಕುಬಿಟ್ಟಳು. ಆಮೇಲೆ ನಡುಗಲಿಲ್ಲ.

ನಾಲ್ಕನೆಯ ಸಲ ಡಾಕ್ಟರಮ್ಮ, ನರ ಬಹಳಷ್ಟು ಒಣಗಿವೆ, ಆರು ತಿಂಗಳಿಗೆ ಬಾ ಎಂದರು. ಮತ್ತೆ ಒಂದು ಮಾತು ಹೇಳಿದರು, ಅದನ್ನು ಎಲ್ಲರೂ ನೆನಪಿಡಿರಿ. ರಕ್ತ ಯಾವಾಗಲೂ ಬಾಯಿಂದಲೇ ಬರಬೇಕೆಂದಿಲ್ಲ. ಮಲ ಡಾಂಬರಿನ ಹಾಗೆ ಕರ್ರಗೆ, ಅಂಟಂಟಾಗಿ ಹೋದರೆ ಒಳಗೆ ರಕ್ತ ಸೋರುತ್ತಿದೆ ಎಂದರ್ಥ. ಆವತ್ತೇ ಹೊರಡಬೇಕು.

ದೀಪಾವಳಿ ಮುಗಿದ ಮೇಲೆ ನಾನು ಗುಡಿಗೆ ಹೋದೆ. ಮೈಯಲ್ಲಿ ಸ್ವಲ್ಪ ಕಸುವು ಬಂದಿತ್ತು. ನನ್ನ ಗಂಡ ಹೇಳಿದ್ದು ನನ್ನ ಮಾತಲ್ಲ, ನಾನು ಮತ್ತೆ ಕೈ ಇಡುತ್ತೇನೆ ಎಂದೆ. ಪೂಜಾರಿ ಸಿದ್ದಪ್ಪಜ್ಜ ಹಲ್ಲಿಲ್ಲದ ಬಾಯಿ ತೆರೆದು ನನ್ನನ್ನೇ ನೋಡಿದರು. ಒಮ್ಮೆ ದೇವರ ಏಟು ತಿಂದವರು ಮತ್ತೆ ಕೈ ಇಟ್ಟದ್ದನ್ನು ಅವರ ಅಪ್ಪನೂ ಕಂಡಿರಲಿಲ್ಲವಂತೆ. ಈ ಸಲ ಐದು ಅಮಾವಾಸ್ಯೆ ಗಡುವು ಇಡಬೇಕು ಎಂದರು ಹಿರಿಯರು. ಆಗಲಿ ಎಂದೆ. ಭಾವ ಇನ್ನೊಂದು ಕರಾರು ಹಾಕಿದರು. ಗಡುವಿನೊಳಗೆ ಆಕೆ ದವಾಖಾನೆಯ ಮೆಟ್ಟಿಲು ಹತ್ತಬಾರದು. ಸೂಜಿ ಚುಚ್ಚಿಸಿಕೊಂಡು ರಕ್ತ ಕಟ್ಟಿದರೆ ದೇವರು ತೀರ್ಪು ಕೊಡುವುದು ಹೇಗೆ?

"ಸೂಜಿಗೆ ಅಂಜೋ ದೇವ್ರಾದ್ರ ಅವ ನಮ್ಮ ಬೀರಪ್ಪ ಅಲ್ಲ ಬಿಡ್ರಿ" ಎಂದೆ.

ಹುಡುಗರೆಲ್ಲ ನಕ್ಕರು, ಸಿದ್ದಪ್ಪಜ್ಜನೂ ನಕ್ಕರು. ಆದರೆ ಕರಾರು ಉಳಿಯಿತು. ಆರು ತಿಂಗಳು ದವಾಖಾನೆಗೆ ಹೋಗುವ ಕೆಲಸ ನನಗಿರಲಿಲ್ಲ, ಒಪ್ಪಿದೆ. ಅತ್ತೆ ಹೇಳಿದ ಮಾತನ್ನು ಮತ್ತೆ ಹೇಳಿ ಕೈ ಇಟ್ಟೆ. ಈ ಸಲ ಅಂಜಿಕೆಯಾಯಿತು. ದೇವರದ್ದಲ್ಲ. ಒಳಗಿನ ನರ ನಿಜ ಸುಳ್ಳು ನೋಡಿ ಒಡೆಯುವುದಿಲ್ಲ ಎಂದು ಈಗ ನನಗೆ ಗೊತ್ತಿತ್ತು.

ಮೂರು ಅಮಾವಾಸ್ಯೆ ದಾಟಿತು. ಲಕ್ಷ್ಮಿ ಮಾನ್ವಿಯಲ್ಲಿ ಗಂಡನ ಮನೆಯಲ್ಲಿ ಬಸುರಿ, ಐದು ತಿಂಗಳು ತುಂಬುತ್ತಿತ್ತು. ಮದುವೆಯಾಗಿ ಆರು ವರ್ಷದ ಮೇಲೆ ನಿಂತ ಬಸುರು. ನಾನು ಕುಬಸ ಮಾಡುವ ಸಡಗರದಲ್ಲಿದ್ದೆ. ಒಂದು ಬೆಳಿಗ್ಗೆ ಚೆಂಬು ಹಿಡಿದು ಬಯಲಿಗೆ ಹೋದವಳು ಎದ್ದು ಹಿಂದೆ ನೋಡಿದೆ. ಕರ್ರಗೆ, ಡಾಂಬರು.

ಮೇಲೆ ಮಣ್ಣು ಎಳೆದು ಮನೆಗೆ ಬಂದು ಕೂತೆ. ದವಾಖಾನೆಗೆ ಹೋದರೆ ಕರಾರು ಮುರಿಯಿತು, ಹಣಮವ್ವನಿಗೆ ಇನ್ನು ಈ ಜನ್ಮದಲ್ಲಿ ಕುರಿಯಿಲ್ಲ, ನಾನು ಎರಡು ಸಲ ಸುಳ್ಳಿ. ಹೋಗದಿದ್ದರೆ ಇನ್ನೆರಡು ಅಮಾವಾಸ್ಯೆ ಉಳಿಯುತ್ತೇನೋ ಇಲ್ಲವೋ. ಹಟ ಮಾಡಿ ಇದ್ದುಬಿಡುತ್ತೇನೆ ಎಂದು ನಿರ್ಧಾರ ಮಾಡಿದೆ. ಸಿಟ್ಟು ಅಂಥದ್ದು, ಅದು ನಮ್ಮನ್ನೇ ಮೊದಲು ತಿನ್ನುತ್ತದೆ. ನನ್ನ ಗಂಡ ನನ್ನ ಮುಖ ನೋಡಿದರು. ಬೆಳ್ಳಗಾಗಿತ್ತಂತೆ. ಕರ್ರಗೆ ಹೋಯಿತೇನು ಎಂದು ಮೆಲ್ಲಗೆ ಕೇಳಿದರು. ಡಾಕ್ಟರಮ್ಮ ಹೇಳಿದ್ದು ಅವರಿಗೂ ನೆನಪಿತ್ತು. ನಾನು ಹೂಂ ಎಂದೆ, ಯಾರಿಗೂ ಹೇಳಬೇಡಿರಿ, ನಾನು ಎಲ್ಲಿಗೂ ಬರುವುದಿಲ್ಲ ಎಂದೆ. ನಿಮ್ಮ ಬಾಯಿ ನಿಲ್ಲುವುದಿಲ್ಲ ಎಂದು ಚುಚ್ಚಿದೆ ಕೂಡ.

ಅವರು ಎದ್ದು ಗೂಟದ ಮೇಲಿನ ರುಮಾಲು ಸುತ್ತಿಕೊಂಡರು. "ಆವತ್ತು ನೀ ಖರೇ ಹೇಳಿದ್ದಿ, ನಾ ಕೆಡಿಸಿದೆ. ಇವತ್ತು ಸುಳ್ಳು ನಾ ಹೇಳ್ತೀನಿ. ನೀ ಸುಮ್ನ ನನ್ನ ಹಿಂದ ಬಾ" ಎಂದರು.

ನನ್ನ ಗಂಡ ಸಂತೆಯಲ್ಲಿ ಕುರಿಯ ವಯಸ್ಸು ಕೂಡ ಸುಳ್ಳು ಹೇಳಲು ಬಾರದ ಮನುಷ್ಯ. ಆವತ್ತು ಊರಬಾಗಿಲ ಅಗಸಿಯಲ್ಲಿ ಭಾವ ಎದುರಾದರು. ಇವರು ನಿಂತು, ಮಗಳ ಕುಬಸಕ್ಕೆ ರಾಯಚೂರಿಗೆ ಸೀರೆ ತರಲು ಹೊರಟಿದ್ದೇವೆ, ಆಮೇಲೆ ನಾಲ್ಕು ದಿನ ಮಾನ್ವಿಯಲ್ಲಿ ಮಗಳ ಹತ್ತಿರ ಇದ್ದು ಬರುತ್ತೇವೆ, ನಿನಗೇನಾದರೂ ತರಬೇಕೇನು ಅಣ್ಣ ಎಂದು ಕೇಳಿದರು. ಭಾವ ತಂಬಾಕು ತರಲು ಹೇಳಿದರು. ನಾನು ಸೆರಗು ಎಳೆದುಕೊಂಡು ಹಿಂದೆ ನಿಂತಿದ್ದೆ, ಒಳಗೊಳಗೇ ನಗು.

ಹೈದರಾಬಾದಿನಲ್ಲಿ ಡಾಕ್ಟರಮ್ಮ ಬೈದು, ಆವತ್ತೇ ದುರ್ಬೀನು ಇಳಿಸಿದರು. ಒಂದು ನರ ಸೋರುತ್ತಿತ್ತಂತೆ. ಸೂಜಿ ಹಾಕಿದರು, ರಕ್ತ ಏರಿಸಿದರು. ಇನ್ನೆರಡು ದಿನ ತಡ ಮಾಡಿದ್ದರೆ ಉಳಿಯುತ್ತಿರಲಿಲ್ಲ ಎಂದರು. ರೈಲಿನಲ್ಲಿ ಬರುವಾಗ ನಾವಿಬ್ಬರೂ ಒಂದೇ ಕಿಟಕಿಯ ಹತ್ತಿರ ಕೂತಿದ್ದೆವು. ರಾಯಚೂರಿನಲ್ಲಿ ಇಳಿದು ಹಸಿರು ಸೀರೆ ಕೊಂಡೆವು, ತಂಬಾಕೂ ಕೊಂಡೆವು.

ಐದನೆಯ ಅಮಾವಾಸ್ಯೆಗೆ ಗುಡಿಯ ಮುಂದೆ ಊರು ಸೇರಿತು. ಹಣಮವ್ವ ಎಲ್ಲರಿಗಿಂತ ಹಿಂದೆ, ಬೇವಿನ ಬುಡದಲ್ಲಿ ನಿಂತಿದ್ದಳು. ಅವಳಿಗೂ ನಾನು ಏನೂ ಹೇಳಿರಲಿಲ್ಲ. ಕಂಬಳಿ ಹಾಸಿದರು, ಭಂಡಾರ ಹಾಕಿದರು. ಸಿದ್ದಪ್ಪಜ್ಜ ನನ್ನ ಕೈ ಅದರಲ್ಲಿ ಇಡಿಸಿ ಕೇಳಿದರು, "ಗಡುವಿನಾಗ ನಿನ್ನ ಮೈಯಿಂದ ರಕ್ತ ಹೋತೇನವ್ವ?"

"ಇಲ್ರೀ ಯಜ್ಜ" ಎಂದೆ.

ಭಾವ ಮುಂದೆ ಬಂದು, ದವಾಖಾನೆಯ ವಿಷಯವನ್ನೂ ಕೇಳಿ ಎಂದರು. ಸಿದ್ದಪ್ಪಜ್ಜ ನನ್ನ ಬಿಳಿಚಿದ ಕೈಯನ್ನೇ ನೋಡುತ್ತಿದ್ದರು. ಮುಂಗೈ ಮೇಲೆ ಬಾಟಲಿಯ ಸೂಜಿಯ ಕಪ್ಪು ಕಲೆ ಇನ್ನೂ ಪೂರ್ತಿ ಮಾಸಿರಲಿಲ್ಲ. ಅವರು ಒಂದು ಹಿಡಿ ಭಂಡಾರ ತೆಗೆದು ನನ್ನ ಕೈಯ ಮೇಲೆ ಸುರಿದರು, ಗುರುತು ಮುಚ್ಚುವಷ್ಟು. ಆಮೇಲೆ ಕೇಳಿದರು. ನಾನು ಅದಕ್ಕೂ ಇಲ್ಲ ಎಂದೆ. ನನ್ನ ಗಂಡ ಪಕ್ಕದಲ್ಲಿ ನಿಂತಿದ್ದರು, ಅವರ ಮುಖದ ಒಂದು ನರವೂ ಅಲ್ಲಾಡಲಿಲ್ಲ. ಅವತ್ತು ಸಂಜೆ ಇಪ್ಪತ್ತು ಕುರಿ ಹಣಮವ್ವನ ದೊಡ್ಡಿಗೆ ಬಂದವು.

ಈಗ ಲೆಕ್ಕ ನೀವೇ ಹಾಕಿರಿ. ಭಂಡಾರದಲ್ಲಿ ಕೈ ಇಟ್ಟು ಖರೆ ಹೇಳಿದಾಗ ರಕ್ತ ಕಾರಿದೆ. ಅದೇ ಭಂಡಾರದಲ್ಲಿ ಕೈ ಇಟ್ಟು ಎರಡು ಸುಳ್ಳು ಹೇಳಿದೆ. ನನಗೇನೂ ಆಗಲಿಲ್ಲ. ಎರಡು ತಿಂಗಳಿಗೆ ಮೊಮ್ಮಗಳು ಹುಟ್ಟಿದಳು, ಅವಳ ಹೊಕ್ಕುಳಬಳ್ಳಿ ಕೊಯ್ದ ಸೂಲಗಿತ್ತಿಯ ಕೈಯಿಂದ ಮೊದಲು ಇಸಿದುಕೊಂಡವಳು ನಾನು. ದೇವರ ಮೇಲೆ ನನಗೆ ಸಿಟ್ಟಿಲ್ಲ. ದೇವರು ಯಾರ ಬಾಯಲ್ಲಿ ರಕ್ತ ಬರುತ್ತದೆಂದು ಕಾಯುತ್ತ ಕೂತಿರಲಿಲ್ಲ, ನಾವು ಕೂತಿದ್ದೆವು. ಖರೆ ಮಾತು ಉಳಿಸಿಕೊಳ್ಳಲು ನನ್ನ ಬಾಯಿಂದ ಸುಳ್ಳು ಆಡಿಸಿದರಲ್ಲ, ಆ ಸಿಟ್ಟು ಸಾಯುವವರೆಗೆ ಹೋಗುವುದಿಲ್ಲ.

ಇದನ್ನು ಓದಿ ಊರಿಗೆ ಗೊತ್ತಾಗುತ್ತದೆ, ಕುರಿ ವಾಪಸು ಕೇಳುತ್ತಾರೆ ಎಂದು ಲಕ್ಷ್ಮಿ ಅಂಜುತ್ತಾಳೆ. ಕೇಳಲಿ. ಹ್ಯಾಗೂ ಆ ಇಪ್ಪತ್ತರಲ್ಲಿ ಅರ್ಧಕ್ಕರ್ಧ ಈದಿವೆ, ಯಾವುದು ತಾಯಿ ಯಾವುದು ಮರಿ ಎಂದು ಹಣಮವ್ವನಿಗೆ ಮಾತ್ರ ಗೊತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ರಕ್ತ ಬಂದರೆ ಏನನ್ನೂ ಕೇಳಬೇಡಿರಿ, ಗಾಡಿ ಹೂಡಿರಿ. ನಾನು ಮುಂದಿನ ತಿಂಗಳು ಮತ್ತೆ ಹೈದರಾಬಾದಿಗೆ ಹೋಗಬೇಕು. ಈ ಸಲ ಎಲ್ಲಿಗೆ ಎಂದು ಅಗಸಿಯಲ್ಲಿ ಕೇಳಿದರೆ ನನ್ನ ಗಂಡ ದವಾಖಾನೆಗೆ ಎಂದೇ ಹೇಳುತ್ತಾರೆ. ಹೇಳಿ, ತಂಬಾಕು ಬೇಕೇನು ಎಂದೂ ಕೇಳುತ್ತಾರೆ, ಅವರ ಸ್ವಭಾವ.